ಯಾರ ಅನುಕೂಲಕ್ಕೆ ಈ ಮನೆ



ಬೌದ್ಧಿಕ ವೈಕಲ್ಯ ಇರುವ ದೊಡ್ಡವರು ಹಗಲೂ ರಾತ್ರಿ ವಾಸವಾಗಿರುವ ಮನೆಯೊಂದನ್ನು ನಡೆಸುವುದರಲ್ಲಿ ನನ್ನ ದುಡಿಮೆಯ ಬಹುಪಾಲು ಕಾಲ ಕಳೆದಿದೆ. ಆ ಮನೆ ನೋಡಲು ಬರುವವರು ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: ‘ಪುಣ್ಯದ ಕೆಲಸ ಮಾಡ್ತಿದ್ದೀರಿ, ನಮ್ಮಂಥೋರ ಕೈಲಿ ಆಗೋದಲ್ಲ ಇದು.’ ಅವರ ಮನಸ್ಸು ಒಳ್ಳೆಯದೇ. ಆದರೆ ಈ ಮಾತು ನಮ್ಮ ಮನೆಗಳಿಗೆ ಮಾಡುವ ಕೇಡು ಸಣ್ಣದಲ್ಲ. ಪುಣ್ಯದ ಕೆಲಸ ಎಂದು ಒಪ್ಪಿಕೊಂಡ ಕೂಡಲೇ ಅದಕ್ಕೆ ಸಂಬಳ ಕೇಳುವುದು ಸಣ್ಣತನವಾಗುತ್ತದೆ, ರಜೆ ಕೇಳುವುದು ಮೈಗಳ್ಳತನವಾಗುತ್ತದೆ, ತಪಾಸಣೆಗೆ ಬಂದವರು ಪ್ರಶ್ನೆ ಹಾಕಿದರೆ ಅವಮಾನವಾಗುತ್ತದೆ. ಅಲ್ಲಿ ವಾಸವಾಗಿರುವವರು ಏನನ್ನಾದರೂ ಬೇಡ ಎಂದರೆ ಅದು ಉಪಕಾರ ಮರೆತ ಹಾಗೆ ಕಾಣುತ್ತದೆ.

ಈ ಸಂಜೆ ನಾನು ಹೇಳಬೇಕೆಂದು ಬಂದಿರುವುದು ಇಷ್ಟು. ಇಂಥ ಮನೆಯಲ್ಲಿ ಬೆಳಗಿನ ಮೊದಲ ಲೋಟ ಕಾಫಿಯಿಂದ ರಾತ್ರಿ ದೀಪ ಆರಿಸುವವರೆಗೆ ಒಂದು ಜಗ್ಗಾಟ ನಡೆಯುತ್ತಿರುತ್ತದೆ. ಒಂದು ಕಡೆ ಮನೆ ನಡೆಸುವವರ ಅನುಕೂಲ, ಇನ್ನೊಂದು ಕಡೆ ಅಲ್ಲಿ ಬದುಕುವವರ ಇಷ್ಟ. ಯಾರೂ ಕೆಟ್ಟವರಲ್ಲದಿದ್ದರೂ, ಸುಮ್ಮನೆ ಬಿಟ್ಟರೆ ಗೆಲ್ಲುವುದು ಅನುಕೂಲವೇ. ಇಷ್ಟದ ಪರವಾಗಿ ನಿಲ್ಲುವುದು ಮೇಲ್ವಿಚಾರಕರ ಕೆಲಸ. ಕರುಣೆಯೊಂದರಿಂದಲೇ ಆ ಕೆಲಸ ಆಗುವುದಿಲ್ಲ. ಪಾಳಿಯ ಪಟ್ಟಿ ಬೇಕು.

ಕೂದಲಿನ ವಿಷಯ ತೆಗೆದುಕೊಳ್ಳಿ. ನಾನು ಸೇರಿದ ಕಾಲಕ್ಕೆ ನಮ್ಮಲ್ಲಿದ್ದ ಹೆಂಗಸರೆಲ್ಲರ ಕೂದಲೂ ಕಿವಿಯ ಮಟ್ಟಕ್ಕೆ ಕತ್ತರಿಸಲ್ಪಟ್ಟಿತ್ತು. ಕಾರಣ ಕೇಳಿದರೆ ಎಲ್ಲವೂ ನಿಜವಾದ ಕಾರಣಗಳೇ. ಹೇನು ಒಬ್ಬರಿಂದ ಒಬ್ಬರಿಗೆ ಹತ್ತುತ್ತದೆ. ತಲೆಸ್ನಾನ ಮಾಡಿಸಿದರೆ ಒಣಗಿಸುವಷ್ಟು ಹೊತ್ತು ಯಾರಿಗಿದೆ? ಒದ್ದೆ ತಲೆಯಲ್ಲೇ ಬಿಟ್ಟರೆ ನೆಗಡಿ, ಎದೆಕಟ್ಟು ಎಂಬ ಭಯ. ಕೆಲವರು ಬಾಚಣಿಗೆ ತಾಗಿದರೇ ಕಿರುಚುತ್ತಾರೆ. ಇಷ್ಟೆಲ್ಲ ಕಾರಣಗಳ ಜೊತೆಗೆ, ಅವರಲ್ಲಿ ಹಲವರು ಹಳ್ಳಿಯ ಮನೆಗಳಿಂದ ಬಂದವರು, ಅಕ್ಕತಂಗಿಯರು ಎರಡು ಜಡೆ ಹೆಣೆದುಕೊಂಡು ಹೂ ಮುಡಿಯುವುದನ್ನು ನೋಡಿ ಬೆಳೆದವರು ಎಂಬುದೂ ನಿಜವಾಗಿತ್ತು. ಹೊರಗಿನಿಂದ ಬರುವ ಹೆಂಗಸರ ಜಡೆಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಅದನ್ನು ‘ಕೈಚೇಷ್ಟೆ’ ಎಂದು ದಿನಚರಿ ಪುಸ್ತಕದಲ್ಲಿ ಬರೆದಿಡಲಾಗುತ್ತಿತ್ತು.

ಕೂದಲು ಬಿಡಬೇಕೆಂದು ಆದೇಶ ಹೊರಡಿಸುವುದು ಸುಲಭ. ಹಾಗೆ ಹೊರಡಿಸಿದ್ದರೆ ಬೆಳಗಿನ ಪಾಳಿಯ ಇಬ್ಬರು ಆರೈಕೆಯವರ ಮೇಲೆ ಇನ್ನೊಂದು ಗಂಟೆಯ ಕೆಲಸ ಬೀಳುತ್ತಿತ್ತು. ಅವರು ಆ ಗಂಟೆಯನ್ನು ಬೇರೆಲ್ಲಿಂದಲೋ, ಬಹುಶಃ ತಿಂಡಿ ತಿನ್ನಿಸುವುದರಿಂದ, ಕದಿಯಬೇಕಾಗುತ್ತಿತ್ತು. ಬೇಗ ಬೇಗ ತಿನ್ನಿಸಿದರೆ ಏನಾಗುತ್ತದೆ ಎಂಬುದು ಈ ಕ್ಷೇತ್ರದವರಿಗೆ ಗೊತ್ತು. ಸೆರೆಬ್ರಲ್ ಪಾಲ್ಸಿ ಇರುವ ಅನೇಕರಿಗೆ ನುಂಗುವುದೇ ಕಷ್ಟ. ನೆಟ್ಟಗೆ ಕೂರಿಸಿ, ಸಣ್ಣ ಸಣ್ಣ ತುತ್ತು ಕೊಟ್ಟು, ಒಂದು ತುತ್ತು ಇಳಿದ ಮೇಲೆ ಇನ್ನೊಂದು ಕೊಡಬೇಕು. ಅವಸರ ಮಾಡಿದರೆ ಅನ್ನ ಶ್ವಾಸನಾಳಕ್ಕೆ ಹೋಗುತ್ತದೆ, ನ್ಯುಮೋನಿಯಾ ಆಗುತ್ತದೆ, ಜೀವವೇ ಹೋಗಬಹುದು. ಹೀಗೆ ಒಬ್ಬಳ ಜಡೆಗೂ ಇನ್ನೊಬ್ಬನ ಉಸಿರಿಗೂ ನೇರ ಸಂಬಂಧವಿದೆ. ಆ ಸಂಬಂಧ ಪಾಳಿಯ ಪಟ್ಟಿಯ ಮುಂದೆ ಕೂತವರಿಗೆ ಮಾತ್ರ ಕಾಣುತ್ತದೆ. ಆರರಿಂದ ಒಂಬತ್ತರವರೆಗೆ ಮಾತ್ರ ಬರುವ ಒಂದು ಕೈಯನ್ನು ಹೊಸದಾಗಿ ಸೇರಿಸಿಕೊಂಡ ಮೇಲೆಯೇ ನಮ್ಮಲ್ಲಿ ಕೂದಲು ಬೆಳೆಯಿತು. ಎಲ್ಲರೂ ಜಡೆ ಬಿಡಲಿಲ್ಲ. ಒಬ್ಬರು ತಮಗೆ ಕತ್ತರಿಸಿದ ಕೂದಲೇ ಬೇಕೆಂದು ಕತ್ತರಿ ತಂದು ಕೈಗಿಟ್ಟರು. ಅದೂ ಅವರ ಇಷ್ಟವೇ. ದಿನಚರಿಯಲ್ಲಿ ‘ಕೈಚೇಷ್ಟೆ’ ಎಂಬ ಪದ ಮತ್ತೆ ಬರಲಿಲ್ಲ.

ಇಷ್ಟು ಚಿಕ್ಕ ವಿಷಯವನ್ನು ಇಷ್ಟು ಹೊತ್ತು ಹೇಳಿದ್ದಕ್ಕೆ ಕಾರಣವಿದೆ. ಅನುಕೂಲದ ತರ್ಕ ಕೂದಲಿನಲ್ಲಿ ನಿಲ್ಲುವುದಿಲ್ಲ. 1994ರ ಫೆಬ್ರುವರಿಯಲ್ಲಿ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ, ಶಿರೂರಿನ ಸರ್ಕಾರಿ ವಸತಿಗೃಹದಲ್ಲಿದ್ದ ಬೌದ್ಧಿಕ ವೈಕಲ್ಯದ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ತೆಗೆಯಲಾಯಿತು. ಅವರಿಗೆ ಕಾಯಿಲೆ ಇರಲಿಲ್ಲ. ಮುಟ್ಟಿನ ದಿನಗಳ ಶುಚಿತ್ವವನ್ನು ಅವರು ತಾವೇ ನೋಡಿಕೊಳ್ಳಲಾರರು, ನೋಡಿಕೊಳ್ಳಲು ಸಿಬ್ಬಂದಿ ಸಾಲದು ಎಂಬುದು ಕೊಟ್ಟ ಕಾರಣ. ಮಹಿಳಾ ಸಂಘಟನೆಗಳು ಬೀದಿಗಿಳಿದ ಮೇಲೆ ಉಳಿದ ಶಸ್ತ್ರಚಿಕಿತ್ಸೆಗಳು ನಿಂತವು. ಆಗ ಅದನ್ನು ಸಮರ್ಥಿಸಿದವರೂ ಇದ್ದರು. ಸಮರ್ಥಿಸಿದವರೆಲ್ಲ ಕ್ರೂರಿಗಳೆಂದು ನಾನು ಹೇಳಲಾರೆ. ಕೂದಲಿಗೆ ಕೊಟ್ಟ ಕಾರಣವನ್ನೇ ಗರ್ಭಕೋಶಕ್ಕೂ ಕೊಟ್ಟರು, ಅಷ್ಟೇ. ಸಿಬ್ಬಂದಿ ಸಾಲದಿದ್ದಾಗ ಸಿಬ್ಬಂದಿಯನ್ನು ಹೆಚ್ಚಿಸುವ ಬದಲು ಮನುಷ್ಯರನ್ನು ಕಡಿಮೆ ಮಾಡುವುದು: ಒಬ್ಬರ ಕೂದಲು, ಒಬ್ಬರ ಅಂಗ, ಒಬ್ಬರ ಎಚ್ಚರ.

ಎಚ್ಚರ ಎಂದದ್ದು ಮಾತ್ರೆಗಳನ್ನು ನೆನೆದು. ಗಲಾಟೆ ಮಾಡುವವರಿಗೆ ರಾತ್ರಿ ಒಂದು ಮಾತ್ರೆ ಹೆಚ್ಚು ಕೊಟ್ಟರೆ ಇಡೀ ಮನೆ ನಿದ್ದೆ ಮಾಡುತ್ತದೆ. ಇದು ಬಡ ದೇಶದ ರೋಗ ಎಂದುಕೊಳ್ಳಬೇಡಿ. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ 2015ರಲ್ಲಿ ಅಂದಾಜು ಮಾಡಿದಂತೆ, ಅಲ್ಲಿ ಬೌದ್ಧಿಕ ವೈಕಲ್ಯದ 30,000ದಿಂದ 35,000 ವಯಸ್ಕರು ತಮಗಿಲ್ಲದ ಮನೋರೋಗಕ್ಕೆ ದಿನವೂ ಔಷಧಿ ನುಂಗುತ್ತಿದ್ದರು. ಮರುವರ್ಷ ಅದನ್ನು ತಗ್ಗಿಸಲು ಅಲ್ಲಿನ ಆರೋಗ್ಯ ಸೇವೆಯೇ ಒಂದು ಅಭಿಯಾನ ಶುರುಮಾಡಬೇಕಾಯಿತು.

ನಮ್ಮಲ್ಲೊಬ್ಬ ಯುವಕನಿದ್ದ. ಮಾತಿಲ್ಲ. ಇದ್ದಕ್ಕಿದ್ದಂತೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಲು ಶುರುಮಾಡಿದ, ಕೆನ್ನೆ ಊದುವಷ್ಟು. ಮನೆಯವರು, ಹಳೆಯ ಸಿಬ್ಬಂದಿ ಎಲ್ಲರೂ ‘ಹುಣ್ಣಿಮೆ ಹತ್ತಿರ ಬಂತಲ್ಲ’ ಎಂದರು. ಶಮನದ ಮಾತ್ರೆಯ ಪ್ರಮಾಣ ಹೆಚ್ಚಿಸುವ ಮಾತು ಬಂತು. ನಮ್ಮಲ್ಲಿ ಒಂದು ಪುಸ್ತಕ ಇಟ್ಟಿದ್ದೆವು: ಮುಂಚೆ ಏನಾಯಿತು, ಆಗ ಏನು ಮಾಡಿದ, ಆಮೇಲೆ ಏನಾಯಿತು, ಮೂರು ಕಾಲಂ. ಹತ್ತನೇ ತರಗತಿ ಮುಗಿಸಿದ್ದ ರಾತ್ರಿ ಪಾಳಿಯ ಹುಡುಗಿಯೊಬ್ಬಳು ಅದನ್ನು ದಿನ ತಪ್ಪದೆ ತುಂಬುತ್ತಿದ್ದಳು. ಪುಟ ತಿರುವಿದಾಗ ಕಂಡಿತು: ಹೊಡೆದುಕೊಳ್ಳುವುದೆಲ್ಲ ಬಿಸಿ ಕಾಫಿ ಕುಡಿದ ಮೇಲೆ, ತಣ್ಣನೆಯ ಮಜ್ಜಿಗೆ ಕುಡಿದ ಮೇಲೆ, ಅದೂ ಬಲಗೆನ್ನೆಗೆ ಮಾತ್ರ. ದಂತವೈದ್ಯರು ನೋಡಿದಾಗ ದವಡೆ ಹಲ್ಲಿನ ಬುಡದಲ್ಲಿ ಕೀವು ತುಂಬಿತ್ತು. ಹಲ್ಲು ತೆಗೆದರು, ಹೊಡೆತ ನಿಂತಿತು. ಮಾತು ಬಾರದವರ ನೋವು ನಡವಳಿಕೆಯಾಗಿ ಹೊರಬರುತ್ತದೆ, ನಾವದನ್ನು ವೈಕಲ್ಯದ ಖಾತೆಗೆ ಬರೆದುಬಿಡುತ್ತೇವೆ. ಮಲಬದ್ಧತೆ, ಕಿವಿನೋವು, ಮುಟ್ಟಿನ ಹೊಟ್ಟೆನೋವು, ಥೈರಾಯ್ಡ್ ಕೊರತೆ ಎಲ್ಲದಕ್ಕೂ ಇದೇ ಗತಿ. ಡೌನ್ ಸಿಂಡ್ರೋಮ್ ಇರುವವರಿಗೆ ನಲವತ್ತು ಐವತ್ತರ ವಯಸ್ಸಿಗೇ ಮರೆವಿನ ಕಾಯಿಲೆ ಬರಬಹುದು. ಚೆನ್ನಾಗಿ ಬಟ್ಟೆ ಮಡಚುತ್ತಿದ್ದವರು ಮಡಚುವುದನ್ನು ಬಿಟ್ಟರೆ ‘ಹಟ ಜಾಸ್ತಿಯಾಗಿದೆ’ ಎನ್ನುವ ಮೊದಲು ಆ ಸಾಧ್ಯತೆ ನೆನಪಾಗಬೇಕು. ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ವೈದ್ಯರಿಗೆ ಸಿಗುವುದು ಐದು ನಿಮಿಷ. ಆ ಐದು ನಿಮಿಷದಲ್ಲಿ ರೋಗಿಯ ಬದಲು ಮಾತನಾಡಬೇಕಾದದ್ದು ನಮ್ಮ ಪುಸ್ತಕ. ಅದನ್ನು ಬರೆಯಿಸುವುದು, ಓದುವುದು, ಬರೆದವಳನ್ನು ಕೂರಿಸಿಕೊಂಡು ‘ನೀನೇ ಕಂಡುಹಿಡಿದೆ’ ಎಂದು ಹೇಳುವುದು ಮೇಲ್ವಿಚಾರಕರ ಕೆಲಸ.

ಈಗ ಕಾನೂನಿನ ಮಾತು, ಬೇಗ ಮುಗಿಸುತ್ತೇನೆ. ಭಾರತ 2007ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಸ್ಥಿರೀಕರಿಸಿತು. ಅದಕ್ಕೆ ಅನುಗುಣವಾಗಿ 2016ರಲ್ಲಿ ನಮ್ಮ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂತು, 2017ರ ಏಪ್ರಿಲ್‌ನಲ್ಲಿ ಜಾರಿಯಾಯಿತು. ಅದರ 5ನೇ ಕಲಮು ಸಮುದಾಯದ ನಡುವೆ ಬದುಕುವ ಹಕ್ಕನ್ನು ಕೊಡುತ್ತದೆ. ಇಂಥ ಜಾಗದಲ್ಲೇ ಇರಬೇಕೆಂದು ಯಾರನ್ನೂ ಕಟ್ಟಿಹಾಕುವ ಹಾಗಿಲ್ಲ. 10ನೇ ಕಲಮಿನ ಪ್ರಕಾರ ಸ್ವತಂತ್ರ ಒಪ್ಪಿಗೆಯಿಲ್ಲದೆ ಸಂತಾನಶಕ್ತಿ ಕಳೆಯುವ ಯಾವ ಚಿಕಿತ್ಸೆಯನ್ನೂ ಮಾಡುವಂತಿಲ್ಲ. ಶಿರೂರಿನ ನೆನಪು ನನಗೆ ಆ ಕಲಮನ್ನು ಓದಿದಾಗಲೆಲ್ಲ ಬರುತ್ತದೆ. ಅದಕ್ಕೂ ಮುಂಚೆ, 2009ರಲ್ಲಿ, ಚಂಡೀಗಢದ ಸರ್ಕಾರಿ ಆಶ್ರಯ ಮನೆಯಲ್ಲೇ ಅತ್ಯಾಚಾರಕ್ಕೊಳಗಾಗಿ ಬಸುರಾದ ತರುಣಿಯೊಬ್ಬಳ ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. ಆಕೆಗೆ ಸೌಮ್ಯ ಪ್ರಮಾಣದ ಬೌದ್ಧಿಕ ವೈಕಲ್ಯ. ಮಗು ಬೇಕು ಎಂದಿದ್ದಳು. ಗರ್ಭಪಾತ ಮಾಡಿಸಬೇಕೆಂದು ಹೈಕೋರ್ಟ್ ಹೇಳಿತ್ತು. ಸುಪ್ರೀಂ ಕೋರ್ಟ್ ಅವಳ ಮಾತನ್ನು ಎತ್ತಿಹಿಡಿಯಿತು. ಈ ತೀರ್ಪಿನ ಬಗ್ಗೆ ನಮ್ಮ ನಡುವೆಯೇ ಭಿನ್ನಾಭಿಪ್ರಾಯಗಳಿವೆ. ನನಗೆ ಅದು ಸರಿಯೆನಿಸುತ್ತದೆ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು, ರಕ್ಷಣೆ ಕೊಡಲೆಂದು ಕಟ್ಟಿದ ಮನೆಯ ಒಳಗೇ ಆ ಅತ್ಯಾಚಾರ ನಡೆಯಿತು ಎಂಬುದು. ಆ ರಾತ್ರಿಗಳಲ್ಲಿ ಪಾಳಿಯಲ್ಲಿ ಯಾರಿದ್ದರು, ಅವರ ಮೇಲೆ ಯಾರ ಕಣ್ಣಿತ್ತು? ಪತ್ರಿಕೆಗಳು ಕಾನೂನಿನ ಪ್ರಶ್ನೆಯನ್ನು ಚರ್ಚಿಸಿದವು. ಮೇಲ್ವಿಚಾರಣೆಯ ಪ್ರಶ್ನೆ ನಮ್ಮಂಥವರಿಗೆ ಉಳಿಯಿತು.

ರಾತ್ರಿಯ ವಿಷಯ ಬಂದರೆ ಏರ್ವಾಡಿಯ ಹೆಸರು ಎತ್ತದೆ ಇರಲಾಗದು. ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಆ ಊರಿನಲ್ಲಿ, 2001ರ ಆಗಸ್ಟ್ 6ರ ನಸುಕಿನಲ್ಲಿ, ಮಾನಸಿಕ ಕಾಯಿಲೆಯವರನ್ನು ಇಟ್ಟುಕೊಂಡಿದ್ದ ಗರಿ ಚಪ್ಪರದ ಮನೆಗೆ ಬೆಂಕಿ ಬಿತ್ತು. 28 ಮಂದಿ ಸತ್ತರು. ಓಡಲು ಆಗದ್ದಕ್ಕೆ ಕಾರಣ ಕಾಲಿನ ಸರಪಳಿ. ಸರಪಳಿ ಹಾಕಿದವರ ಉತ್ತರವೂ ಅನುಕೂಲದ್ದೇ: ರಾತ್ರಿ ಕಾಯಲು ಜನ ಇಲ್ಲ, ತಪ್ಪಿಸಿಕೊಂಡು ಹೋದರೆ ಹೊಣೆ ಯಾರು? ಇಂದು ಸರಪಳಿ ಕಾನೂನುಬಾಹಿರ. ಆದರೆ ಹೊರಗಿನಿಂದ ಬೀಗ ಹಾಕಿದ ಮಲಗುವ ಕೋಣೆಗಳನ್ನು ನಾನು ಆ ಬೆಂಕಿಯ ಎಷ್ಟೋ ವರ್ಷಗಳ ನಂತರವೂ ಹಲವು ಕಡೆ ಕಂಡಿದ್ದೇನೆ. ಬೀಗದ ಕೈ ಎಲ್ಲಿ ಎಂದು ಕೇಳಿದರೆ, ಬೇರೆ ಕೋಣೆಯಲ್ಲಿ ಮಲಗಿರುವ ಆರೈಕೆಯವಳ ದಿಂಬಿನ ಕೆಳಗೆ.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು. ಒಂದು ವಾರಕ್ಕೆ 168 ಗಂಟೆ. ಒಬ್ಬರು ಕಾನೂನಿನಂತೆ ವಾರಕ್ಕೆ 48 ಗಂಟೆ ದುಡಿದರೆ, ಹಗಲೂ ರಾತ್ರಿ ಒಬ್ಬ ಆರೈಕೆಯವರು ಸದಾ ಎಚ್ಚರವಾಗಿ ಇರಬೇಕಾದರೆ ಮೂರೂವರೆ ಜನ ಬೇಕು. ಹಬ್ಬದ ರಜೆ, ಜ್ವರ, ಬಾಣಂತನ, ತರಬೇತಿಯ ದಿನ ಸೇರಿಸಿದರೆ ನಾಲ್ಕಕ್ಕೂ ಮೇಲೆ. ಅಂದರೆ ರಾತ್ರಿ ಇಬ್ಬರು ಎದ್ದಿರಬೇಕು, ಹಗಲು ನಾಲ್ವರು ಬೇಕು ಎಂದರೆ ಎಷ್ಟು ಸಂಬಳ ಎಂದು ನೀವೇ ಲೆಕ್ಕ ಹಾಕಬಹುದು. ನಮ್ಮ ಹೆಚ್ಚಿನ ಮನೆಗಳು ಈ ಲೆಕ್ಕವನ್ನು ಹಾಕುವುದೇ ಇಲ್ಲ. ಹಳ್ಳಿಯಿಂದ ಬಂದ, ಗಂಡನನ್ನು ಕಳೆದುಕೊಂಡ ಅಥವಾ ಬಿಟ್ಟುಬಂದ ಹೆಂಗಸೊಬ್ಬಳಿಗೆ ಊಟ, ಇರಲು ಜಾಗ, ಕೈಗೆ ಸ್ವಲ್ಪ ದುಡ್ಡು ಕೊಟ್ಟು, ಅವಳು ಹಗಲು ದುಡಿದು ಅಲ್ಲೇ ಮಲಗುವುದನ್ನೇ ‘ಇಪ್ಪತ್ನಾಲ್ಕು ಗಂಟೆ ಸೇವೆ’ ಎಂದು ಕೈಪಿಡಿಯಲ್ಲಿ ಅಚ್ಚು ಹಾಕುತ್ತಾರೆ. ಕನಿಷ್ಠ ವೇತನ, ಇಎಸ್‌ಐ, ಭವಿಷ್ಯನಿಧಿ ಎಂದರೆ ‘ಇದೇನು ಫ್ಯಾಕ್ಟರಿಯೇ’ ಎಂಬ ಪ್ರಶ್ನೆ. ಹಾಗೆ ದಣಿದ ಹೆಂಗಸು ಮಧ್ಯರಾತ್ರಿ ಮೂರನೇ ಬಾರಿ ಹಾಸಿಗೆ ಒದ್ದೆ ಮಾಡಿದವನನ್ನು ಗದರಿಸಿದರೆ, ಒಂದು ಏಟು ಕೊಟ್ಟರೆ, ತಪ್ಪು ಅವಳದ್ದೇ ಸರಿ. ಅವಳನ್ನು ಕರೆದು ವಿಚಾರಿಸಬೇಕು, ಕ್ರಮ ತೆಗೆದುಕೊಳ್ಳಬೇಕು. ಅದರ ಜೊತೆಗೆ ಆ ವಾರದ ಪಾಳಿಯ ಪಟ್ಟಿಗೆ ಸಹಿ ಹಾಕಿದವರನ್ನೂ ವಿಚಾರಿಸಬೇಕು.

ಹಣವಿದ್ದರೆ ಎಲ್ಲ ಸರಿಹೋಗುತ್ತದೆ ಎಂಬ ಭ್ರಮೆಯೂ ಬೇಡ. ಇಂಗ್ಲೆಂಡಿನ ಬ್ರಿಸ್ಟಲ್ ಹತ್ತಿರ ವಿಂಟರ್‌ಬೋರ್ನ್ ವ್ಯೂ ಎಂಬ 24 ಹಾಸಿಗೆಗಳ ಖಾಸಗಿ ಆಸ್ಪತ್ರೆಯಿತ್ತು. ಒಬ್ಬ ನಿವಾಸಿಗೆ ಅಲ್ಲಿನ ಸರ್ಕಾರಿ ವ್ಯವಸ್ಥೆ ವಾರಕ್ಕೆ ಸರಾಸರಿ 3,500 ಪೌಂಡ್ ಕೊಡುತ್ತಿತ್ತು. 2011ರ ಮೇ 31ರಂದು ಬಿಬಿಸಿ ಗುಪ್ತ ಕ್ಯಾಮೆರಾದಲ್ಲಿ ಚಿತ್ರಿಸಿದ್ದನ್ನು ತೋರಿಸಿದಾಗ ಜಗತ್ತು ಕಂಡದ್ದು ಬೌದ್ಧಿಕ ವೈಕಲ್ಯದ ತರುಣ ತರುಣಿಯರನ್ನು ನೆಲಕ್ಕೆ ಒತ್ತಿ ಹಿಡಿಯುವುದು, ಹೊಡೆಯುವುದು, ಬಟ್ಟೆ ಸಮೇತ ನೀರು ಸುರಿಯುವುದು. ಸಿಬ್ಬಂದಿಯ 11 ಮಂದಿಗೆ ಶಿಕ್ಷೆಯಾಯಿತು, ಆರು ಜನ ಜೈಲಿಗೆ ಹೋದರು. ಟಿವಿಯವರು ಬರುವ ಮೊದಲೇ ಅಲ್ಲಿನ ಹಿರಿಯ ನರ್ಸ್ ಟೆರಿ ಬ್ರಯಾನ್ ತನ್ನ ಮೇಲಿನವರಿಗೆ ಬರೆದು ತಿಳಿಸಿದ್ದರು, ನಿಯಂತ್ರಣ ಸಂಸ್ಥೆಗೂ ತಿಳಿಸಿದ್ದರು. ಸಕಾಲಕ್ಕೆ ಯಾರೂ ಕ್ರಮ ತೆಗೆದುಕೊಳ್ಳಲಿಲ್ಲ. ಹಣವಿತ್ತು, ಕಟ್ಟಡವಿತ್ತು, ಕಾನೂನಿತ್ತು, ದೂರು ಕೂಡ ಇತ್ತು. ಮೇಜಿನ ಆಚೆ ಕೂತು ಆ ದೂರನ್ನು ಓದಿ ಅದೇ ದಿನ ಎದ್ದು ವಾರ್ಡಿಗೆ ನಡೆಯುವ ಒಬ್ಬ ಮನುಷ್ಯ ಇರಲಿಲ್ಲ.

ಹಾಗಾದರೆ ಸಂತರಂಥವರು ಬೇಕೆ? ನಮ್ಮ ನಾಡಿನ ಮನಸ್ಸು ಆ ಕಡೆಗೇ ವಾಲುತ್ತದೆ, ಅದಕ್ಕೆ ಒಂದು ಕಹಿಯಾದ ಉದಾಹರಣೆ ಕೊಡಬೇಕಾಗಿದೆ. ಜ್ಯಾನ್ ವಾನಿಯೇ ಎಂಬವರು 1964ರಲ್ಲಿ ಫ್ರಾನ್ಸಿನ ಟ್ರೋಲಿ-ಬ್ರೂಯಿ ಎಂಬ ಹಳ್ಳಿಯಲ್ಲಿ, ದೊಡ್ಡ ಆಶ್ರಯಧಾಮದಲ್ಲಿ ಕೊಳೆಯುತ್ತಿದ್ದ ಬೌದ್ಧಿಕ ವೈಕಲ್ಯದ ಗಂಡಸರನ್ನು ಕರೆತಂದು ಒಂದೇ ಮನೆಯಲ್ಲಿ ಅವರೊಡನೆ ಬದುಕತೊಡಗಿದರು. ಅದೇ ಲಾರ್ಷ್ ಚಳವಳಿಯಾಯಿತು. ಭಾರತದಲ್ಲಿ ಅದರ ಮೊದಲ ಮನೆ 1970ರಲ್ಲಿ ನಮ್ಮ ಬೆಂಗಳೂರಿನಲ್ಲೇ ಆಶಾ ನಿಕೇತನ ಎಂಬ ಹೆಸರಿನಲ್ಲಿ ತೆರೆಯಿತು. ನೋಡಿಕೊಳ್ಳುವವರು ಮತ್ತು ನೋಡಿಕೊಳ್ಳಲ್ಪಡುವವರು ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಬೇಕೆಂಬ ಅವರ ವಿಚಾರದಿಂದ ನನ್ನ ತಲೆಮಾರಿನ ಎಷ್ಟೋ ಮಂದಿ ಈ ಕೆಲಸಕ್ಕೆ ಬಂದೆವು. 2019ರಲ್ಲಿ ವಾನಿಯೇ ತೀರಿಕೊಂಡರು. 2020ರ ಫೆಬ್ರುವರಿಯಲ್ಲಿ ಲಾರ್ಷ್ ಸಂಸ್ಥೆ ತಾನೇ ಮಾಡಿಸಿದ ವಿಚಾರಣೆಯ ವರದಿಯನ್ನು ಪ್ರಕಟಿಸಿತು: ಆಧ್ಯಾತ್ಮಿಕ ಮಾರ್ಗದರ್ಶನದ ಹೆಸರಿನಲ್ಲಿ ವಾನಿಯೇ ಕನಿಷ್ಠ ಆರು ಹೆಂಗಸರನ್ನು ದಶಕಗಳ ಕಾಲ ಲೈಂಗಿಕವಾಗಿ ದುರುಪಯೋಗಪಡಿಸಿಕೊಂಡಿದ್ದರು. ಆ ಹೆಂಗಸರಿಗೆ ವೈಕಲ್ಯ ಇರಲಿಲ್ಲ. ಅದನ್ನು ಓದಿದ ವಾರ ನನಗೆ ಕೆಲಸ ಮಾಡಲಾಗಲಿಲ್ಲ. ಅವರ ವಿಚಾರ ಸುಳ್ಳಾಯಿತು ಎಂದು ಇಂದಿಗೂ ನಾನು ಹೇಳುವುದಿಲ್ಲ. ಆದರೆ ಪ್ರಶ್ನಿಸಲಾಗದ ಮನುಷ್ಯನ ಕೈಗೆ ಯಾವ ಮನೆಯನ್ನೂ ಕೊಡಕೂಡದು ಎಂಬುದು ನನಗೆ ಮನವರಿಕೆಯಾಗಿದೆ. ಸಂಸ್ಥಾಪಕರ ಫೋಟೊಗೆ ದಿನವೂ ಹಾರ ಹಾಕುವ ಮನೆಗಳಲ್ಲಿ ದೂರಿನ ಪೆಟ್ಟಿಗೆ ಎಲ್ಲಿದೆ ಎಂದು ಮೊದಲು ನೋಡುತ್ತೇನೆ. ಮುಚ್ಚುಮರೆಯಿಲ್ಲದೆ ವರದಿ ಪ್ರಕಟಿಸಿದ ಸಂಸ್ಥೆಯ ಧೈರ್ಯವನ್ನೂ ಇಲ್ಲಿ ಮೆಚ್ಚಬೇಕು. ಸಂಸ್ಥಾಪಕರ ಬಗ್ಗೆಯೇ ಅಂಥದ್ದನ್ನು ತಾವಾಗಿ ಹೇಳಿಕೊಳ್ಳುವ ಸಂಸ್ಥೆಗಳು ಕಡಿಮೆ.

ನಮ್ಮ ಮನೆಗಳಿಗೇ ವಿಶೇಷವಾದ ಒಂದು ಪದ್ಧತಿಯ ಬಗ್ಗೆ ಹೇಳದಿದ್ದರೆ ಈ ಉಪನ್ಯಾಸ ಅರ್ಧವಾಗುತ್ತದೆ: ಹುಟ್ಟುಹಬ್ಬದ ಊಟ. ಮಗುವಿನ ಹುಟ್ಟುಹಬ್ಬ, ಮದುವೆಯ ವಾರ್ಷಿಕೋತ್ಸವ, ತಂದೆಯ ತಿಥಿ, ಇಂಥ ದಿನಗಳಲ್ಲಿ ಒಂದು ಹೊತ್ತಿನ ಊಟದ ಖರ್ಚು ಕೊಡುವವರು ಇಲ್ಲದಿದ್ದರೆ ನಾಡಿನ ಎಷ್ಟೋ ಮನೆಗಳು ಒಲೆ ಹಚ್ಚಲಾರವು. ಅನ್ನದಾನವನ್ನು ದೊಡ್ಡದೆಂದು ನಂಬುವ ನಾಡು ನಮ್ಮದು, ಆ ನಂಬಿಕೆ ಸಾವಿರಾರು ಜನರ ಹೊಟ್ಟೆ ತುಂಬಿಸಿದೆ. ಅದಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಊಟದ ಹೊತ್ತಿಗೆ ನಡೆಯುವುದನ್ನೂ ನೋಡಿ. ದಾನಿಗಳು ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದಿದ್ದಾರೆ. ಒಂದು ಗಂಟೆಗೆ ಉಣ್ಣಬೇಕಾದವರು ಎರಡೂವರೆಯವರೆಗೆ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಾರೆ. ಅವರಲ್ಲಿ ಮೂರ್ಛೆ ರೋಗದ ಮಾತ್ರೆಯವರಿದ್ದಾರೆ, ಸಕ್ಕರೆ ಕಾಯಿಲೆಯವರಿದ್ದಾರೆ. ದಾನಿಗಳು ಬಂದ ಮೇಲೆ ಎಲ್ಲರೂ ಹುಟ್ಟುಹಬ್ಬದ ಹಾಡು ಹಾಡಬೇಕು, ಕೇಕ್ ಕತ್ತರಿಸುವಾಗ ಚಪ್ಪಾಳೆ ತಟ್ಟಬೇಕು, ಫೋಟೊಗೆ ನಿಲ್ಲಬೇಕು. ಆ ವಾರದಲ್ಲಿ ಅದು ಮೂರನೇ ಪಲಾವ್, ಮೂರನೇ ಜಾಮೂನು. ತಟ್ಟೆ ದೂಡಿದವರಿಗೆ ‘ನೋಡಿ, ಅಂಕಲ್‌ಗೆ ಬೇಜಾರಾಗುತ್ತೆ’ ಎಂಬ ಮಾತು. ಐವತ್ತು ದಾಟಿದ ಮನುಷ್ಯ ತನ್ನ ಅರ್ಧ ವಯಸ್ಸಿನವರಿಗೆ ಅಂಕಲ್ ಎನ್ನಬೇಕು.

ಇದನ್ನು ಬದಲಿಸಲು ಹೊರಟಾಗ ಟ್ರಸ್ಟಿಗಳು ಹೆದರಿದ್ದು ಸಹಜ. ಬೇಡ ಎಂದರೆ ದುಡ್ಡು ನಿಲ್ಲುತ್ತದೆ. ನಾವು ಬೇಡ ಎನ್ನಲಿಲ್ಲ. ಊಟದ ಹೊತ್ತು ಬದಲಾಗುವುದಿಲ್ಲ, ಫೋಟೊ ತೆಗೆಯುವಂತಿಲ್ಲ, ದಿನದ ಅಡುಗೆ ಏನೆಂದು ನಿವಾಸಿಗಳ ವಾರದ ಸಭೆ ತೀರ್ಮಾನಿಸುತ್ತದೆ, ಬರುವವರು ಜೊತೆಗೆ ಕೂತು ಉಣ್ಣಬಹುದು ಎಂದು ಪತ್ರ ಬರೆದೆವು. ಕೆಲವರು ಬಿಟ್ಟುಹೋದರು, ಕೋಪದಿಂದಲೇ. ಉಳಿದವರಲ್ಲಿ ಕೆಲವರು ಹುಟ್ಟುಹಬ್ಬವಿಲ್ಲದ ದಿನವೂ ಬರತೊಡಗಿದರು. ಸೊಪ್ಪಿನ ಸಾರು, ಮುದ್ದೆಯ ದಿನ ಬಂದು ಕೂತವರ ಜೊತೆ ನಮ್ಮವರು ಮಾತನಾಡಿದ ಹಾಗೆ ಕೇಕಿನ ದಿನ ಯಾರ ಜೊತೆಯೂ ಮಾತನಾಡಿದ್ದಿಲ್ಲ. ಆ ವರ್ಷ ಖರ್ಚು ತೂಗಿಸುವುದು ನಿಜಕ್ಕೂ ಕಷ್ಟವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಆದರೂ ಈ ಕೆಲಸದಲ್ಲಿ ತೆಗೆದುಕೊಂಡ ನಿರ್ಧಾರಗಳಲ್ಲಿ ಇದರ ಬಗ್ಗೆ ನನಗೆ ಅತಿ ಹೆಚ್ಚು ಸಮಾಧಾನವಿದೆ.

ಸಾವಿನ ವಿಷಯಕ್ಕೆ ಬರುತ್ತೇನೆ. ನಿವಾಸಿಯೊಬ್ಬರ ತಾಯಿ ತೀರಿಕೊಂಡರೆ ಮನೆಯವರಿಂದ ಫೋನ್ ಬರುವುದು ಹೆಚ್ಚಾಗಿ ಹದಿಮೂರನೇ ದಿನ ಕಳೆದ ಮೇಲೆ. ‘ಅವನಿಗೇನು ತಿಳಿಯುತ್ತೆ ಮೇಡಂ, ಹೇಳ್ಬೇಡಿ, ಸುಮ್ನೆ ಗಾಬರಿಯಾಗ್ತಾನೆ.’ ಅಮ್ಮ ನೋಡಲು ಬರುತ್ತಿದ್ದ ಎರಡನೇ ಭಾನುವಾರ ಅವನು ಗೇಟಿನ ಬಳಿ ಕೂರುತ್ತಾನೆ. ಅದರ ಮುಂದಿನ ತಿಂಗಳೂ ಕೂರುತ್ತಾನೆ. ಅಮ್ಮ ತನ್ನನ್ನು ಬಿಟ್ಟುಬಿಟ್ಟಳು ಎಂದುಕೊಳ್ಳುವುದು ಅಮ್ಮ ಸತ್ತಳು ಎಂದು ತಿಳಿಯುವುದಕ್ಕಿಂತ ಹಗುರವೇ? ನಾವು ಹೇಳುತ್ತೇವೆ. ಸರಳ ಮಾತಿನಲ್ಲಿ, ‘ದೂರ ಹೋದರು’, ‘ಮಲಗಿದರು’ ಎಂಬ ಸುತ್ತುಬಳಸಿಲ್ಲದೆ, ಫೋಟೊ ಕೈಗೆ ಕೊಟ್ಟು, ಬೇಕಾದಷ್ಟು ಸಲ ಹೇಳುತ್ತೇವೆ. ಸಾಧ್ಯವಾದರೆ ಊರಿಗೆ ಕರೆದುಕೊಂಡು ಹೋಗುತ್ತೇವೆ. ಒಮ್ಮೆ ಒಬ್ಬ ಮಗನನ್ನು ಹಾಗೆ ಕರೆದೊಯ್ದಾಗ ಅಣ್ಣಂದಿರು ಮೊದಲು ಮುಖ ತಿರುಗಿಸಿದರು. ಅವನು ನೇರವಾಗಿ ಅಡುಗೆಮನೆಗೆ ಹೋದ, ಹಿತ್ತಲಿಗೆ ಹೋದ, ಎಲ್ಲ ಕಡೆ ನೋಡಿ ಬಂದು ಜಗಲಿಯ ಮೇಲೆ ಕೂತು ಜೋರಾಗಿ ಅತ್ತ. ಅಣ್ಣಂದಿರೂ ಅತ್ತರು. ಅವನಿಗೆ ತಿಳಿಯುವುದಿಲ್ಲ ಎಂಬ ಮಾತು ಆ ಮನೆಯಿಂದ ಮತ್ತೆ ಬಂದಿಲ್ಲ. ಆ ಪ್ರಯಾಣಕ್ಕೆ ಒಬ್ಬ ಸಿಬ್ಬಂದಿಯನ್ನು ಎರಡು ದಿನ ಬಿಟ್ಟುಕೊಡಬೇಕಾಗಿತ್ತು. ಅದಕ್ಕೂ ಪಾಳಿಯ ಪಟ್ಟಿಯಲ್ಲಿ ಜಾಗ ಮಾಡಬೇಕು.

ಇಷ್ಟವನ್ನು ಹೇಳುವ ಇನ್ನೊಂದು ಜಾಗ ಚುನಾವಣೆ, ಅದರ ಬಗ್ಗೆ ಒಂದೇ ಮಾತು. ನ್ಯಾಯಾಲಯ ಒಬ್ಬರನ್ನು ಅಸ್ವಸ್ಥಚಿತ್ತರೆಂದು ಘೋಷಿಸದ ಹೊರತು, ಬೌದ್ಧಿಕ ವೈಕಲ್ಯವಿದೆ ಎಂಬ ಕಾರಣಕ್ಕೆ ಮತದ ಹಕ್ಕು ಹೋಗುವುದಿಲ್ಲ. ನಮ್ಮ ಮನೆಗಳಲ್ಲಿ ಇದು ಗೊತ್ತಿರುವವರು ಕಡಿಮೆ. ಹೆಸರು ಸೇರಿಸಲು ಅರ್ಜಿ ಹಾಕಿ. ಯಾರಿಗೆ ಮತ ಹಾಕಬೇಕೆಂದು ಮಾತ್ರ ಹೇಳಬೇಡಿ, ಕೇಳಿದರೂ ಹೇಳಬೇಡಿ.

ಕೊನೆಗೆ ತಂದೆತಾಯಿಯರ ಪ್ರಶ್ನೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಅಂಗವಿಕಲರ ಸಂಖ್ಯೆ 2.68 ಕೋಟಿ, ಅದರಲ್ಲಿ ಬೌದ್ಧಿಕ ವೈಕಲ್ಯದವರು ಸುಮಾರು 15 ಲಕ್ಷ. ಅವರಲ್ಲಿ ಹೆಚ್ಚಿನವರು ಇರುವುದು ತಮ್ಮ ಮನೆಯಲ್ಲೇ, ಅಮ್ಮನ ಕೈಯಲ್ಲೇ. ಆ ಅಮ್ಮಂದಿರಿಗೆ ವಯಸ್ಸಾಗುತ್ತಿದೆ. ದಕ್ಷಿಣ ಕನ್ನಡದ ಕೊಕ್ಕಡದ ಕಡೆ ಹೋದರೆ ಈ ಪ್ರಶ್ನೆ ಗಂಟಲು ಹಿಡಿಯುತ್ತದೆ. ಸರ್ಕಾರಿ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಊರುಗಳವು. 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ನಿಷೇಧಿಸುವ ಹೊತ್ತಿಗೆ, ಅದರ ನಡುವೆ ಹುಟ್ಟಿದ ಮಕ್ಕಳು ದೊಡ್ಡವರಾಗಿದ್ದರು. ಕೊಕ್ಕಡ, ಕೊಯಿಲಗಳಲ್ಲಿ ಹಗಲು ಪಾಲನಾ ಕೇಂದ್ರಗಳಿವೆ. ಹಗಲು ಮುಗಿದ ಮೇಲೆ ಮತ್ತೆ ಅಮ್ಮನೇ. ಮೂವತ್ತು ದಾಟಿದ ಮಗನನ್ನು ಎತ್ತಿ ಬಚ್ಚಲಿಗೆ ಒಯ್ಯುವ ಅರವತ್ತರ ತಾಯಿ ‘ನಮ್ಮ ನಂತರ ಯಾರು’ ಎಂದು ಕೇಳಿದಾಗ, ಶಾಶ್ವತ ವಸತಿ ಬೇಕು ಎಂಬ ಅವರ ಬೇಡಿಕೆಗೆ ಎದುರು ಮಾತಾಡುವ ಹಕ್ಕು ನನಗಿಲ್ಲ.

ಆದರೆ ಎಂಥ ವಸತಿ? ಒಡಂಬಡಿಕೆಯ ಜಾರಿ ನೋಡಿಕೊಳ್ಳುವ ವಿಶ್ವಸಂಸ್ಥೆಯ ಸಮಿತಿ 2017ರಲ್ಲಿ ಒಂದು ಟಿಪ್ಪಣಿ ಹೊರಡಿಸಿತು. ನೂರು ಜನರ ಕಟ್ಟಡವಾಗಲಿ, ಐದರಿಂದ ಎಂಟು ಜನರ ಸಣ್ಣ ಮನೆಯಾಗಲಿ, ಯಾವಾಗ ಏಳಬೇಕು, ಏನು ತಿನ್ನಬೇಕು, ಯಾರ ಜೊತೆ ಕೋಣೆ ಹಂಚಿಕೊಳ್ಳಬೇಕು ಎಂಬುದು ಅಲ್ಲಿರುವವರ ಕೈಯಲ್ಲಿ ಇಲ್ಲದಿದ್ದರೆ ಅದು ಸ್ವತಂತ್ರ ಬದುಕಲ್ಲ ಎಂಬುದು ಅದರ ಸಾರ. ಇದನ್ನು ಓದಿ ನಮ್ಮ ಕೆಲವು ಗೆಳೆಯರು ವಸತಿಗೃಹಗಳನ್ನೆಲ್ಲ ಮುಚ್ಚಬೇಕು ಎನ್ನುತ್ತಾರೆ. ಸ್ವೀಡನ್ ತನ್ನ ದೊಡ್ಡ ವಸತಿಗೃಹಗಳನ್ನು ಮುಚ್ಚಿದೆ ನಿಜ. ಅದಕ್ಕೆ ಬದಲಾಗಿ ಅಗತ್ಯವಿರುವವರಿಗೆ ಸಹಾಯಕರನ್ನು ಕೊಡುವ ಕಾನೂನನ್ನು 1994ರಿಂದ ಜಾರಿಗೆ ತಂದು, ಅದರ ಖರ್ಚು ಹೊತ್ತು ಮುಚ್ಚಿದೆ. ಕೊಕ್ಕಡದ ತಾಯಿಗೆ ಆ ಸಹಾಯಕರನ್ನು ಕೊಡದೆ ಬಾಗಿಲು ಮುಚ್ಚಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಊರಿನ ನಡುವೆ, ಅಂಗಡಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ, ಆರೇಳು ಜನರ ಬಾಡಿಗೆ ಮನೆಗಳು ನನ್ನ ಬಯಕೆ. ದೂರದ ಬೆಟ್ಟದ ತಪ್ಪಲಿನ ಐದು ಎಕರೆ ಕ್ಯಾಂಪಸ್ ಬೇಡ, ಎಷ್ಟೇ ಹಸಿರಾಗಿರಲಿ. ಅಲ್ಲಿಗೆ ಬಸ್ಸೂ ಬರುವುದಿಲ್ಲ, ಅಣ್ಣಂದಿರೂ ಬರುವುದಿಲ್ಲ, ತಪಾಸಣೆಯವರೂ ಬರುವುದಿಲ್ಲ.

ಮನೆ ಹುಡುಕುತ್ತಿರುವ ತಂದೆತಾಯಿಯರು ಈ ಸಭೆಯಲ್ಲಿದ್ದೀರಿ. ಹೇಳದೆ ಹೋಗಿ, ಅದೂ ಸಂಜೆ ಏಳರ ಮೇಲೆ. ರಾತ್ರಿ ಎದ್ದಿರುವವರು ಯಾರು, ಅವರು ಹಗಲೂ ಕೆಲಸ ಮಾಡಿದ್ದಾರೆಯೇ ಎಂದು ಕೇಳಿ. ನಿಮ್ಮ ಮಗಳ ಬಟ್ಟೆಗೆ ಅವಳದೇ ಕಪಾಟು ಇದೆಯೇ, ಅದರ ಕೀಲಿ ಅವಳ ಕೈಯಲ್ಲಿದೆಯೇ ನೋಡಿ. ಉತ್ತರಿಸಲು ಬೇಸರಪಟ್ಟರೆ ಬೇರೆ ಮನೆ ನೋಡಿ.

ದಾನ ಕೊಡುವ ಮನಸ್ಸಿನವರೂ ಇಲ್ಲಿದ್ದೀರಿ. ಕಟ್ಟಡಕ್ಕೆ, ಅಮೃತಶಿಲೆಯ ಫಲಕವಿರುವ ಊಟದ ಕೋಣೆಗೆ, ವ್ಯಾನಿಗೆ ಕೊಡುವವರು ಸಿಗುತ್ತಾರೆ. ಆರೈಕೆಯವರ ಸಂಬಳಕ್ಕೆ ಕೊಡಿ ಎಂದರೆ ‘ಅದು ನಿಮ್ಮ ಆಡಳಿತದ ಖರ್ಚಲ್ಲವೇ’ ಎನ್ನುತ್ತಾರೆ. ಇಂದಿನ ಈ ಉಪನ್ಯಾಸ ನಡೆದಿರುವುದು ಮೂಲಧನವನ್ನು ಬ್ಯಾಂಕಿನಲ್ಲಿಟ್ಟು ಅದರ ಬಡ್ಡಿಯನ್ನು ವರ್ಷವರ್ಷ ಒಂದು ಕೆಲಸಕ್ಕೆ ಮೀಸಲಿಡುವ ನಮ್ಮ ಹಳೆಯ ಕ್ರಮದಿಂದ. ಅದೇ ಕ್ರಮದಲ್ಲಿ ಒಂದು ಮನೆಯ ರಾತ್ರಿ ಪಾಳಿಯ ಒಂದು ಸಂಬಳಕ್ಕೆ ದತ್ತಿ ಇಡಿ: ಕನಿಷ್ಠ ವೇತನಕ್ಕಿಂತ ಮೇಲೆ, ಇಎಸ್‌ಐ ಸಮೇತ, ವಾರದ ರಜೆ ಸಮೇತ. ನಿಮ್ಮ ತಂದೆಯ ಹೆಸರಿನಲ್ಲಿ, ತಾಯಿಯ ಹೆಸರಿನಲ್ಲಿ ಇಡಿ. ಹೇಗೆ ಇಡಬೇಕು, ಕರಾರುಪತ್ರದಲ್ಲಿ ಯಾವ ಷರತ್ತು ಬರೆಸಬೇಕು ಎಂದು ತಿಳಿಯಬೇಕಾದವರು ಸಭೆ ಮುಗಿದ ಮೇಲೆ ನನ್ನನ್ನು ಕಾಣಬಹುದು. ಮಾದರಿ ಕರಾರಿನ ಪ್ರತಿಗಳನ್ನು ತಂದಿದ್ದೇನೆ.